ಸೇರಿಸಿದ ಪದಗಳು: ಅರವತ್ತೇಳು

ನಮ್ಮ ಅಂಗಡಿಯ ಕಂಪ್ಯೂಟರ್ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ಸ್ವಿಚ್ ಹಾಕಿದ ಕೂಡಲೇ ಪರದೆಯ ನಟ್ಟನಡುವೆ ಒಂದು ನೀಲಿ ಚೌಕ: 'ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ. ಹೊಸದನ್ನು ಕೊಳ್ಳಿ.' ಕೆಳಗೆ ಎರಡು ಗುಂಡಿ. ನಾನು 'ಆಮೇಲೆ ನೆನಪಿಸು' ಎಂಬುದನ್ನು ಒತ್ತುತ್ತಿದ್ದೆ. ಅದು ಮಾರನೆಯ ದಿನ ಚಾಚೂ ತಪ್ಪದೆ ನೆನಪಿಸುತ್ತಿತ್ತು.

"ಅದಕ್ಕಿರೋ ತಾಳ್ಮೆ ನಂಗಿಲ್ಲ ನೋಡಿ" ಎನ್ನುತ್ತಿದ್ದಳು ನನ್ನ ಹೆಂಡತಿ, ಪ್ರಿಂಟರಿಗೆ ಕಾಗದ ತುಂಬುತ್ತಾ. "ಕೊಂಡ್ಕೊಂಡ್ಬಿಡೋಣ ರೀ."

"ನಡೀತಾ ಇರೋದನ್ನ ಯಾಕೆ ಕೆಡಿಸ್ಬೇಕು?"

"ಎಲ್ಲಿ ನಡೀತಿದೆ? ಕುಂಟ್ತಾ ಇದೆ."

ನಮ್ಮದು ಟೈಪಿಂಗ್ ಅಂಗಡಿ. ಕಚೇರಿಗಳ ಬೀದಿಯಲ್ಲಿ ಒಂದೇ ಕೋಣೆ, ಒಂದೇ ಕಂಪ್ಯೂಟರ್, ಎರಡು ಕುರ್ಚಿ, ಗಿರಾಕಿಗಳಿಗೊಂದು ಬೆಂಚು. ಅರ್ಜಿ, ದೂರು, ರಜಾಚೀಟಿಯಂಥ ಒಂದು ಪುಟದವು ಅವಳ ಪಾಲು. ವರದಿ, ಪುಸ್ತಕ, ನಿವೃತ್ತರ ಆತ್ಮಕಥೆಯಂಥ ಉದ್ದನೆಯವು ನನ್ನ ಪಾಲು. ನಾನು ಇಪ್ಪತ್ತಾರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಬೀದಿಯಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ 'ಕರಡು ಯಜಮಾನ್ರು' ಎಂದು, ಮತ್ತು ಆ ಹೆಸರಿನ ಬಗ್ಗೆ ನನಗೆ ಸಣ್ಣ ಜಂಬವೇನಲ್ಲ, ದೊಡ್ಡದೇ ಇತ್ತು.

ಹೊಸ ಸಿಸ್ಟಂ ಬೇಡ ಎನ್ನಲು ನನ್ನ ಹತ್ತಿರ ಕಾರಣಗಳಿಗೇನೂ ಬರವಿರಲಿಲ್ಲ. ಗುಂಡಿಗಳೆಲ್ಲ ಜಾಗ ಬದಲಾಯಿಸುತ್ತವೆ ಎಂದೆ. ಪ್ರಿಂಟರ್ ಮುನಿಸಿಕೊಳ್ಳುತ್ತದೆ ಎಂದೆ. ಆರು ತಿಂಗಳಿಗೆ ಅದೂ ಹಳೆಯದಾಗುತ್ತದೆ ಎಂದೆ. ಒಂದು ದಿನ ಏನೂ ತೋಚದೆ, ಹೊಸದರ ಬಣ್ಣ ಕಣ್ಣಿಗೆ ಚುಚ್ಚುತ್ತದಂತೆ ಎಂದೂ ಹೇಳಿದೆ. ಒಂದೂ ನಿಜವಾದ ಕಾರಣವಲ್ಲ. ನಿಜವಾದ ಕಾರಣವನ್ನು ಅವಳಿಗೆ ಹೇಳುವಂತಿರಲಿಲ್ಲ.

ನನ್ನ ಹೆಂಡತಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಹೊಲಿಗೆ ಯಂತ್ರದ ಮೇಲೆ ಅರ್ಧ ಆಯುಷ್ಯ ಕಳೆದು, ಮೊಣಕಾಲು ಕೈಕೊಟ್ಟ ಮೇಲೆ, ನಲವತ್ತಾರನೇ ವಯಸ್ಸಿಗೆ ಟೈಪಿಂಗ್ ಕಲಿಯಲು ಕೂತಳು. ಬೆರಳುಗಳೇನೋ ಹದಿನೈದು ದಿನಕ್ಕೇ ಓಡತೊಡಗಿದವು. ಆದರೆ ತಪ್ಪು ಪದದ ಕೆಳಗೆ ಕಂಪ್ಯೂಟರ್ ಎಳೆಯುವ ಕೆಂಪು ಗೆರೆ ಇದೆಯಲ್ಲ, ಅದು ಅವಳ ಪುಟದ ತುಂಬಾ ಹರಿದಾಡುತ್ತಿತ್ತು. ಅವಳ ತೊಂದರೆ ಒಂದೇ: ಮಹಾಪ್ರಾಣ. ಶಾಲೆಯಲ್ಲಿ ಮಕ್ಕಳು ಹೊಟ್ಟೆ ಸೀಳೋ ಅಕ್ಷರ ಎನ್ನುತ್ತಾರಲ್ಲ, ಅದು. ಅವಳು ಯಾವ ಅಕ್ಷರದ ಹೊಟ್ಟೆಯನ್ನೂ ಸೀಳುತ್ತಿರಲಿಲ್ಲ. ಔಷಧ ಅವಳ ಕೈಯಲ್ಲಿ 'ಔಷದ'ವಾಗುತ್ತಿತ್ತು, ಅಭ್ಯಾಸ 'ಅಬ್ಯಾಸ'ವಾಗುತ್ತಿತ್ತು, ಕಠಿಣ 'ಕಟಿಣ'ವಾಗಿ ಸ್ವಲ್ಪ ಮೆತ್ತಗಾಗುತ್ತಿತ್ತು.

ಒಂದು ಮಧ್ಯಾಹ್ನ ಯಾರದೋ ಅರ್ಜಿಯ ಮುಂದೆ ಕೂತು ಅವಳು ಕಣ್ಣೊರೆಸಿಕೊಳ್ಳುವುದನ್ನು ಕಂಡೆ. "ಅಕ್ಷರ ನನ್ನಂಥೋರಿಗಲ್ಲ ರೀ. ನಾಳೆಯಿಂದ ನಾನು ಬರಲ್ಲ" ಎಂದಳು. ಅವಳು ಕೈ ತೊಳೆಯಲು ಎದ್ದಾಗ ಕೆಂಪು ಗೆರೆ ಬಿದ್ದ 'ಔಷದ'ದ ಮೇಲೆ ಒತ್ತಿದೆ. 'ನಿಘಂಟಿಗೆ ಸೇರಿಸು' ಎಂದು ಬಂತು. ಸೇರಿಸಿದೆ. ಗೆರೆ ಮಾಯವಾಯಿತು. ಇಪ್ಪತ್ತಾರು ವರ್ಷ ತಪ್ಪನ್ನು ಹುಡುಕಿ ಹೊಡೆದವನು ಅವತ್ತು ತಪ್ಪಿಗೆ ಸರಿ ಎಂದು ಮುದ್ರೆ ಒತ್ತಿದೆ.

ಹಾಗೆ ಶುರುವಾಗಿ ಹನ್ನೊಂದು ವರ್ಷದಲ್ಲಿ ಒಂದು ನಲವತ್ತು ಪದ ಸೇರಿಸಿರಬೇಕು. ಗಿರಾಕಿಗೆ ತಪ್ಪು ಕಾಗದ ಕೊಟ್ಟವನಲ್ಲ ನಾನು. ಅವಳು ಟೈಪ್ ಮಾಡಿ ಮುಗಿಸಿದ ಮೇಲೆ "ಅಂಚು ಸರಿಮಾಡ್ತೀನಿ, ಏಳು" ಎಂದು ಕೂತು, ಸದ್ದಿಲ್ಲದೆ ಹೊಟ್ಟೆಗಳನ್ನೆಲ್ಲ ಸೀಳಿ ಏಳುತ್ತಿದ್ದೆ. ಕೆಂಪು ಗೆರೆ ನಿಂತಮೇಲೆ ಅವಳ ಬೆನ್ನು ನೆಟ್ಟಗಾಯಿತು. ಬೆಂಚಿನ ಮೇಲಿನವರಿಗೆ "ಇಲ್ಲಿ ಹೀಗೆ ಬರೆದ್ರೆ ಗಟ್ಟಿಯಾಗಿರುತ್ತೆ" ಎಂದು ಸಲಹೆ ಕೊಡತೊಡಗಿದಳು. ಜನ ಅವಳನ್ನೇ ಕೇಳಿಕೊಂಡು ಬರತೊಡಗಿದರು.

ಹೊಸ ಸಿಸ್ಟಂ ಬಂದರೆ ಹಳೆಯ ನಿಘಂಟು ಹೋಗುತ್ತದೆ. ಮೊದಲ ಅರ್ಜಿಗೇ ಕೆಂಪು ಗೆರೆಗಳು ಹಿಂಡಾಗಿ ಮರಳುತ್ತವೆ. ಹನ್ನೊಂದು ವರ್ಷ ನನ್ನ ಗಂಡ ನನ್ನನ್ನು ಎಳೆ ಮಗುವಿನ ಹಾಗೆ ನಂಬಿಸಿದ್ದ ಎಂದು ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಅವಳು ಆ ಕುರ್ಚಿಯಲ್ಲಿ ಕೂರುತ್ತಾಳೋ ಇಲ್ಲವೋ. ಆ ನೀಲಿ ಚೌಕವನ್ನು ಕಂಡರೆ ನನಗೆ ಮೈ ಉರಿಯುತ್ತಿದ್ದುದು ಇದಕ್ಕೆ.

ಕೊನೆಗೂ ಹಳೆಯದೇ ನನ್ನ ಮರ್ಯಾದೆ ತೆಗೆಯಿತು. ಒಬ್ಬ ನರ್ಸ್ ವರ್ಗಾವಣೆ ಅರ್ಜಿ ಬರೆಸಲು ಬಂದಿದ್ದಳು. ನನ್ನ ಹೆಂಡತಿ ಅರ್ಧ ಟೈಪ್ ಮಾಡುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಕಪ್ಪು. ಮೂರನೆಯ ಸಲವೂ ಹಾಗೇ ಆದಾಗ ನರ್ಸ್ ಗಡಿಯಾರ ನೋಡಿ, ಬೇಜಾರು ಮಾಡ್ಕೋಬೇಡಿ ಎಂದು ಎದುರಿನ ಅಂಗಡಿಗೆ ಹೋದಳು.

ನನ್ನ ಹೆಂಡತಿ ಕೀಲಿಮಣೆಯಿಂದ ಕೈ ತೆಗೆದಳು. "ನಾನೇ ಏನೋ ತಪ್ಪು ಒತ್ತಿರ್ಬೇಕು" ಎಂದಳು.

"ನೀನೇನೂ ಒತ್ತಿಲ್ಲ. ಯಂತ್ರ ಹಳೇದು."

"ನೀವೇ ಹೇಳ್ತಿದ್ರಲ್ಲ, ಚೆನ್ನಾಗೇ ನಡೀತಿದೆ ಅಂತ. ಅಂದ್ಮೇಲೆ ತಪ್ಪು ನಂದೇ ಅಲ್ವಾ?"

ಯಾವ ಮಾತು ಅವಳ ಬಾಯಿಂದ ಬರಬಾರದೆಂದು ಇಷ್ಟು ವರ್ಷ ಹೆಣಗಿದ್ದೆನೋ ಅದನ್ನೇ ನನ್ನ ಹಟ ಹೇಳಿಸಿತ್ತು. ಅವತ್ತೇ ಫೋನ್ ಮಾಡಿ ಡಾಕ್ಟ್ರಮ್ಮನನ್ನು ಕರೆದೆ.

ಡಾಕ್ಟ್ರಮ್ಮ ಎಂದರೆ ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವಳು. ವಯಸ್ಸು ಐವತ್ತರ ಮೇಲೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಬಂದವಳೇ ಯಂತ್ರದ ಬೆನ್ನು ಮುಟ್ಟಿ "ಎಷ್ಟು ದಿನದಿಂದ ಬಿಸಿ?" ಎಂದು ಕೇಳುತ್ತಾಳೆ, ಅದಕ್ಕೇ ಆ ಹೆಸರು. ಮಾರನೆಯ ದಿನ ಹತ್ತು ಗಂಟೆಗೆ ಚೀಲ ಹಿಡಿದು ಬಂದಳು. ಅವಳು ತಂದ ಹೊಸ ಸಿಸ್ಟಂ ಬೆರಳುದ್ದದ ಒಂದು ಪೆನ್ ಡ್ರೈವ್ ಕಡ್ಡಿಯಲ್ಲಿತ್ತು.

"ಕೊನೆಗೂ ಒಪ್ಪಿದ್ರಾ ಯಜಮಾನ್ರೇ? ಅಕ್ಕ, ಹೇಗೆ ಒಪ್ಪಿಸಿದ್ರಿ?"

"ನಾನಲ್ಲಮ್ಮ. ಕಂಪ್ಯೂಟರೇ ಸತ್ಯಾಗ್ರಹ ಮಾಡ್ತು" ಎಂದಳು ನನ್ನ ಹೆಂಡತಿ. ಅವಳು ನಗುತ್ತಿದ್ದರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹೊಸದೆಂದರೆ ಅವಳಿಗೂ ಅಂಜಿಕೆ ಎಂದುಕೊಂಡೆ.

ಒಂದು ಗಂಟೆ ಪರದೆಯ ಮೇಲೆ ಚುಕ್ಕಿಗಳು ಸುತ್ತಿದವು. ನಾನು ಹೊರಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಅವಳ ಮೊದಲ ಅರ್ಜಿಯ ಹೊತ್ತಿಗೆ ಅವಳನ್ನು ಹೇಗಾದರೂ ಎಬ್ಬಿಸಿ ಕಳಿಸಿ, ನಲವತ್ತು ಪದವನ್ನೂ ಮತ್ತೆ ಸೇರಿಸುವುದು ಹೇಗೆಂದು ತಲೆ ಓಡಿಸುತ್ತಿದ್ದೆ. ಅಷ್ಟರಲ್ಲಿ ಡಾಕ್ಟ್ರಮ್ಮ ಕನ್ನಡಕ ಏರಿಸಿ ಪರದೆಯನ್ನು ಗಟ್ಟಿಯಾಗಿ ಓದಿದಳು.

"ನಿಮ್ಮ ನಿಘಂಟಿಗೆ ನೀವು ಸೇರಿಸಿದ ಪದಗಳು: ಅರವತ್ತೇಳು. ಹೊಸದಕ್ಕೆ ತರಬೇಕೇ, ಅಳಿಸಬೇಕೇ?" ಕೆಳಗಿನ ಪಟ್ಟಿಯ ಮೇಲೆ ಕಣ್ಣಾಡಿಸಿ ಮೂಗು ಮುರಿದಳು. "ಇದೇನ್ರೀ, ಕರಡು ಯಜಮಾನ್ರ ಅಂಗಡೀಲಿ ಇಷ್ಟೊಂದು ಕಸ? ಅಳಿಸ್ಲಾ?"

"ಬೇಡ!" ಎಂದೆ ನಾನು.

"ಬೇಡ!" ಎಂದಳು ನನ್ನ ಹೆಂಡತಿ.

ಇಬ್ಬರೂ ಒಂದೇ ಉಸಿರಿಗೆ ಕೂಗಿದ್ದೆವು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲು ಕಾರಣವಿತ್ತು. ಅವಳಿಗೇನಿತ್ತು ಎಂದು ಗೊತ್ತಾಗದೆ ಪಟ್ಟಿಯ ಕಡೆ ತಿರುಗಿದೆ. ಅದಿಕಾರಿ, ಅಧ್ಭುತ, ಅಬ್ಯಾಸ, ಆದಾರ...

"ಅಧ್ಭುತ ಯಾಕೆ ಇದರಲ್ಲಿ ಬಂತು?" ಎಂದೆ. "ಅದು ಸರಿಯಾಗೇ ಇದೆಯಲ್ಲ."

ನನ್ನ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಡಾಕ್ಟ್ರಮ್ಮ ಕೀಲಿಗಳನ್ನು ಒತ್ತಿ ಸರಿಯಾದ ರೂಪ ತೋರಿಸಿದಳು. ಅದ್ಭುತ. ಅದರ ದಕಾರಕ್ಕೆ ಸೀಳಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಅದರ ಹೊಟ್ಟೆಯನ್ನು ಸುಮ್ಮಸುಮ್ಮನೆ ಸೀಳುತ್ತಿದ್ದೆ. ಕೆಳಗೆ ಓದುತ್ತಾ ಹೋದೆ. ಜವಾಬ್ಧಾರಿ. ಸ್ಪಷ್ಠ. ಇವು ಅವಳ ತಪ್ಪುಗಳಲ್ಲ. ಅವಳು ಸೀಳುವವಳೇ ಅಲ್ಲ. ಸೀಳುವ ಚಟ ಈ ಅಂಗಡಿಯಲ್ಲಿ ಇನ್ನೊಬ್ಬರಿಗೆ ಮಾತ್ರ ಇದೆ.

ನಾನು ಟೈಪ್ ಮಾಡುವಾಗ ಪರದೆ ನೋಡುವುದಿಲ್ಲ. ಕರಡು ತಿದ್ದುವವನ ಅಭ್ಯಾಸ, ಕಣ್ಣು ಹಸ್ತಪ್ರತಿ ಬಿಟ್ಟು ಕದಲಬಾರದು. ಹಿಂದಿನಿಂದ ಅವಳು ನೋಡುತ್ತಿದ್ದಳು. ಮುಗಿದ ಮೇಲೆ "ನೀವು ಟೀ ಕುಡ್ಕೊಂಡ್ ಬನ್ನಿ, ಪ್ರಿಂಟ್ ನಾನು ತೆಗೀತೀನಿ" ಎಂದು ಪ್ರತಿ ಸಲವೂ ಕಳಿಸುತ್ತಿದ್ದಳು. ಎಂಥ ಒಳ್ಳೆಯ ಹೆಂಡತಿ ಎಂದುಕೊಂಡು ನಾನು ಹೋಗಿ ಟೀ ಕುಡಿಯುತ್ತಿದ್ದೆ.

ಮತ್ತೆ ಮೇಲಕ್ಕೆ ನೋಡಿದರೆ 'ಆದಾರ'ದ ಕೆಳಗೇ 'ಉಚ್ಛಾರಣೆ' ಇತ್ತು. ಅದನ್ನು ಕಂಡು ಬೆಂಚಿನ ಮೇಲೆ ಕೂತೆ.

ಮುದ್ರಣಾಲಯದ ಕೆಲಸ ನಾನಾಗಿಯೇ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. 'ಶುದ್ಧ ಉಚ್ಚಾರಣೆ' ಎಂಬ ಪುಸ್ತಕ, ಮುಖಪುಟದಲ್ಲಿ ದಪ್ಪಕ್ಷರದಲ್ಲಿ 'ಉಚ್ಛಾರಣೆ' ಎಂದು ಅಚ್ಚಾಗಿ ಹೊರಬಂತು. ಊರೆಲ್ಲ ನಕ್ಕಿತು. ನನ್ನನ್ನು ಮನೆಗೆ ಕಳಿಸಿದರು. ಕರಡಿನಲ್ಲಿ ನಾನು ಸರಿಯಾಗಿಯೇ ತಿದ್ದಿದ್ದೆ, ಅಕ್ಷರ ಜೋಡಿಸುವವನು ಕೆಡಿಸಿದ ಎಂದು ಆಣೆ ಮಾಡಿ ಹೇಳಿದ್ದೆ. ಇವತ್ತಿನವರೆಗೂ ಹಾಗೇ ನಂಬಿದ್ದೆ. ಎಂಟು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದವನನ್ನು ಎಬ್ಬಿಸಿ ಕೂರಿಸಿ ಊಟ ಮಾಡಿಸಿದವಳು ಇವಳು. ಆ ಪದವನ್ನು ಕೆಡಿಸಿದ್ದು ನನ್ನ ಕೈಯೇ; ತಲೆಗೆ ಸರಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅದನ್ನು ಅವಳು ನೋಡಿದ್ದಳು, ಒಂದು ಮಾತೂ ಆಡಿರಲಿಲ್ಲ.

"ಯಾವಾಗಿಂದ ಗೊತ್ತು?" ಎಂದು ಕೇಳಿದೆ.

"ಅಂಗಡಿ ಶುರು ಮಾಡಿದ ವರ್ಷದಿಂದ." ಅವಳು ನನ್ನ ಪಕ್ಕದಲ್ಲಿ ಬಂದು ಕೂತಳು. "ದೊಡ್ಡ ನಿಘಂಟು ತೆಗೆದು ನೋಡ್ದೆ. ನಿಮ್ ಕಣ್ಣಿಗೆ ಆ ಕೆಂಪು ಗೆರೆ ಬೀಳ್ಬಾರ್ದು ಅನ್ನಿಸ್ತು. ನಿಮ್ ತಪ್ಪು ಅಷ್ಟೂ ನಂಗೆ ಬಾಯಿಪಾಠ ರೀ, ಪ್ರಿಂಟ್ ಒತ್ತೋ ಮುಂಚೆ ತಿದ್ತೀನಿ." ಆಮೇಲೆ ಪಟ್ಟಿಯ ಕಡೆ ಬೆರಳು ತೋರಿಸಿದಳು. "ಆದ್ರೆ ನಾನು ಸೇರಿಸಿದ್ದು ಇಪ್ಪತ್ತೇಳೇ. ಮಿಕ್ಕಿದ್ದೆಲ್ಲ..."

ನಾನು ತಲೆ ತಗ್ಗಿಸಿದೆ. ಅವಳು ಎದ್ದುಹೋಗಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. 'ಔಷದ'ದ ಹತ್ತಿರ ತುಂಬಾ ಹೊತ್ತು ನಿಂತಳು. 'ನಾಳೆಯಿಂದ ಬರಲ್ಲ' ಎಂದು ಈಗ ಹೇಳುತ್ತಾಳೆ ಎಂದುಕೊಂಡೆ.

"ಅಂಚು ಸರಿಮಾಡ್ತೀನಿ ಅಂತಿದ್ರಲ್ಲ" ಎಂದಳು. "ಹನ್ನೊಂದು ವರ್ಷ ಏನಪ್ಪಾ ಈ ಮನುಷ್ಯನಿಗೆ ಅಂಚಿನ ಹುಚ್ಚು ಅನ್ಕೊಂಡಿದ್ದೆ."

ಅಷ್ಟು ಹೇಳಿ ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ನನ್ನ ತಪ್ಪುಗಳನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು, ಅವಳವನ್ನು ನಾನು. ಇಬ್ಬರ ಹೊಟ್ಟೆಯಲ್ಲಿದ್ದುದೂ ಈಗ ಪರದೆಯ ಮೇಲಿತ್ತು. ನಾನೂ ಅತ್ತೆ. ಡಾಕ್ಟ್ರಮ್ಮ ನಮ್ಮಿಬ್ಬರನ್ನೂ ನೋಡಿ, ಯಾವ ರೋಗವೆಂದು ತಿಳಿಯದೆ, ಕನ್ನಡಕ ಒರೆಸುತ್ತಾ ನಿಂತಿದ್ದಳು.

"ಈಗ ತರ್ಲಾ, ಅಳಿಸ್ಲಾ?" ಎಂದಳು ಕೊನೆಗೆ, ಮೆಲ್ಲಗೆ.

"ಅಳಿಸ್ಬಿಡಮ್ಮ, ಎಲ್ಲಾನೂ" ಎಂದಳು ನನ್ನ ಹೆಂಡತಿ.

"ಎಲ್ಲಾನಾ?" ಎಂದೆ.

"ಹೂಂ. ಕೆಂಪು ಗೆರೆ ಬಂದ್ರೆ ಬರ್ಲಿ ಬಿಡಿ. ಈಗ ಇಬ್ರಿಗೂ ಬರುತ್ತಲ್ಲ."

ಮಧ್ಯಾಹ್ನದ ಮೇಲೆ ಆ ನರ್ಸ್ ಮತ್ತೆ ಬಂದಳು. ಎದುರಿನ ಅಂಗಡಿಯವರು ಅವಳ ಹೆಸರನ್ನೇ ತಪ್ಪಾಗಿ ಬರೆದಿದ್ದರಂತೆ. ನನ್ನ ಹೆಂಡತಿ ತನ್ನ ಕುರ್ಚಿಯಲ್ಲಿ ಕೂತು ಟೈಪ್ ಮಾಡಿದಳು. ಐದು ಕಡೆ ಗೆರೆ ಬಿತ್ತು. ಐದನ್ನೂ ಒಂದೊಂದಾಗಿ, ನನ್ನನ್ನು ಕೇಳದೆ, ತಾನೇ ಸೀಳಿದಳು.

ಆಮೇಲೆ ನನ್ನ ಸರದಿ. ಯಾರದೋ ಆತ್ಮಕಥೆಯ ಮೂರನೆಯ ಅಧ್ಯಾಯ. ಮೊದಲ ಬಾರಿಗೆ ಹಸ್ತಪ್ರತಿಯಿಂದ ಕಣ್ಣೆತ್ತಿ ಪರದೆ ನೋಡುತ್ತಾ ಟೈಪ್ ಮಾಡಿದೆ. ಎರಡನೆಯ ಸಾಲಿನಲ್ಲೇ 'ಸ್ಪಷ್ಠ'ದ ಕೆಳಗೆ ಕೆಂಪು ಗೆರೆ ಎದ್ದಿತು.

"ನೋಡೇ, ಇದಕ್ಕೆ ಹೊಟ್ಟೆ ಸೀಳ್ಬೇಕಾ?" ಎಂದು ಕೇಳಿದೆ.

ಅವಳು ಕಾಗದದ ಕಟ್ಟು ಬಿಚ್ಚುತ್ತಿದ್ದವಳು ತಿರುಗಿ ನೋಡದೆಯೇ ಹೇಳಿದಳು: "ಬೇಡ ರೀ, ಪಾಪ."