ಏಟು ನನ್ನದು, ಹೆಸರು ವಜ್ರಬಲದ್ದು

ನಾನು ಒಂದು ಹಾಕಿ ಸ್ಟಿಕ್. ಹಿಪ್ಪುನೇರಳೆ ಮರದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ಬೇರೆ ಯಾರೋ ಎಂದು ಊರಿಗೆಲ್ಲ ತೋರಿಸಿದ್ದಾರೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಉತ್ತರದ ಯಾವುದೋ ಊರಿನಲ್ಲಿ ಮರವನ್ನು ಕಾಯಿಸಿ, ಬಗ್ಗಿಸಿ, ಉಜ್ಜಿ ನನ್ನನ್ನು ಮಾಡಿದರು. ಗದಗಿನ ಶಾಲೆಯೊಂದರ ಆಟದ ಮಾಸ್ತರು ಕಟ್ಟಿಮನಿ ಸರ್ ನನ್ನನ್ನು ಕೊಂಡರು. ಆರು ವರ್ಷ ಆಡಿ, ಮೊಣಕಾಲು ಕೈಕೊಟ್ಟಾಗ ಬೆಟಗೇರಿಯ ನೇಕಾರರ ಹುಡುಗಿ ಮಧುಮತಿಗೆ ಕೊಟ್ಟರು. ಅವಳ ತಾಯಿ ನಾಗರತ್ನವ್ವ ತಾನೇ ನೇಯ್ದ ಕೆಂಪು ಸೀರೆಯಂಚಿನ ಪಟ್ಟಿಯನ್ನು ನನ್ನ ಹಿಡಿಗೆ ಬಿಗಿಯಾಗಿ ಸುತ್ತಿದಳು. ಮಗಳ ಅಂಗೈಗೆ ಬೊಬ್ಬೆ ಏಳಬಾರದೆಂದು ಅಷ್ಟೇ. ಮಗಳ ಆಟವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಮಗ್ಗ ಅವಳನ್ನು ಬಿಡುತ್ತಿರಲಿಲ್ಲ.

ಐದು ವರ್ಷ ಕಳೆಯಿತು. "ಪಿಯುಸಿ ಮುಗೀತು, ಆಟ ಸಾಕು. ಮಗ್ಗಕ್ಕ ಕೂಡು," ಎಂದಳು ನಾಗರತ್ನವ್ವ.

ಅದೇ ವಾರ ಪ್ರಣೀತ ಮೈದಾನಕ್ಕೆ ಬಂದ. ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವವನು. ಪ್ರಾಜೆಕ್ಟಿಗಾಗಿ ಹಾಕಿ ಸ್ಟಿಕ್ಕಿನ ಜಾಹೀರಾತು ಮಾಡಬೇಕಿತ್ತು. 'ವಜ್ರಬಲ' ಎಂದು ಇಲ್ಲದ ಕಂಪನಿಗೊಂದು ಹೆಸರಿಟ್ಟು ಸ್ಟಿಕರ್ ಮಾಡಿಸಿದ್ದ. "ನಿಮ್ಮ ಆಟಾನ ತೋರಸ್ತೀವ್ರಿ," ಎಂದು ಮಧುಮತಿಯನ್ನು ಒಪ್ಪಿಸಿದ.

"ಅವ್ವಾ, ವಿಡಿಯೋದಾಗ ನನ್ನ ಆಟ ನೋಡು. ಆಮ್ಯಾಲೂ ಬ್ಯಾಡ ಅಂದ್ರ ಬಿಡ್ತೀನಿ," ಎಂದು ಅವಳು ಮನೆಯಲ್ಲಿ ಕೇಳಿಕೊಂಡಳು. ತಾಯಿ ಹೂಂ ಎಂದಳು.

ಚಿತ್ರೀಕರಣದ ದಿನ ಪೇಟೆಯಿಂದ ತಂದ ಹೊಸ ಸ್ಟಿಕ್ಕಿಗೆ ಸ್ಟಿಕರ್ ಹಚ್ಚಿ ಅವಳ ಕೈಗೆ ಕೊಟ್ಟರು. ಮೊದಲ ಏಟಿಗೇ ಅದು ಎರಡು ತುಂಡಾಯಿತು. ಬೇಲಿಗೊರಗಿ ನಿಂತಿದ್ದ ನನಗೆ ನಗು ಬಂತು. ಪ್ರಣೀತನ ಕಣ್ಣು ನನ್ನ ಮೇಲೆ ಬಿದ್ದಾಗ ಆ ನಗು ನಿಂತುಹೋಯಿತು.

ನನ್ನ ಕೆಂಪು ಪಟ್ಟಿಯನ್ನು ಬಿಚ್ಚಿ ಆ ಮುರುಕಿಗೆ ಸುತ್ತಿದರು. ಜಾಹೀರಾತಿನಲ್ಲಿ ಈಗ ಅದೇ ಕೈಲಾಗದ ಹಳೆಯ ಸ್ಟಿಕ್ ಅಂತೆ, ನಾನು ಹೊಸ ವಜ್ರಬಲ ಅಂತೆ! ನನಗೆ ಗಮ್ಮು ಮೆತ್ತಿ, ತಲೆಯಿಂದ ಕಾಲಿನವರೆಗೆ ವಜ್ರಬಲದ ಸ್ಟಿಕರ್ ಅಂಟಿಸಿದರು. ಹನ್ನೊಂದು ವರ್ಷ ಚೆಂಡು ಹೊಡೆದವನು ನಾನು. ನನಗೆ ಮೈಯೆಲ್ಲ ಉರಿಯಿತು.

ತಾಯಿ ನೋಡಲಿ ಎಂಬ ಒಂದೇ ಆಸೆಗೆ ಮಧುಮತಿ ಇದಕ್ಕೂ ಒಪ್ಪಿದಳು. ಒಂಬತ್ತು ಸಲ ಹೊಡೆದಳು, ಒಂಬತ್ತೂ ಗೋಲು. ಆಗ ಪ್ರಣೀತ ಹೇಳಿದ: "ನಿಮ್ಮ ಕೈ ಅಷ್ಟ ಸಾಕ್ರಿ. ಮುಖಕ್ಕ ನಮ್ಮ ಕ್ಲಾಸಿನಾಕಿ ಅದಾಳ."

ಆ ಹುಡುಗಿ ನನ್ನನ್ನು ಕಸಬರಿಗೆಯ ಹಾಗೆ ಹಿಡಿದು ಕ್ಯಾಮೆರಾಗೆ ನಕ್ಕಳು. ಮಧುಮತಿ ದೂರ ಹೋಗಿ ನೀರು ಕುಡಿದಳು.

ವಿಡಿಯೋ ಫೋನಿಗೆ ಬಂತು. ನಾಗರತ್ನವ್ವ ಮಗ್ಗದ ಮೇಲೆ ಕುಳಿತೇ ನೋಡಿದಳು.

"ಇದರಾಗ ನೀ ಎಲ್ಲದಿ?"

"ಕೈ ಅಷ್ಟ ನಂದವ್ವಾ."

ಅಷ್ಟರಲ್ಲಿ ಪರದೆಯ ಮೇಲೆ ಮುರುಕು ಸ್ಟಿಕ್ ಬಂತು, ಅದರ ಹಿಡಿಯಲ್ಲಿ ಕೆಂಪು ಪಟ್ಟಿ. "ಹಳೆಯದನ್ನು ನಂಬಿ ಸೋಲಬೇಡಿ" ಎಂದಿತು ದನಿ. ನಾಗರತ್ನವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದು ನಾ ನೇಯ್ದ ಅಂಚು. ಮುರಿದಿದ್ದಕ್ಕ ಯಾಕ ಸುತ್ಯಾರ?"

ಮಧುಮತಿ ಎಲ್ಲವನ್ನೂ ಹೇಳಿದಳು. ತಾಯಿ ವಿಡಿಯೋವನ್ನು ಮತ್ತೆ ಹಾಕಿಸಿ, ಈ ಸಲ ಕೈಗಳನ್ನಷ್ಟೇ ನೋಡಿದಳು. ನಂತರ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು, ನೂಲು ಕೊಯ್ಯುವ ಚಾಕುವಿನಿಂದ ಸ್ಟಿಕರ್ ಕೆರೆದು ಕಿತ್ತಳು. ಅವಳ ಸಿಟ್ಟೂ ನನ್ನ ಸಿಟ್ಟಿನಷ್ಟೇ ಇತ್ತು.

ಮರುದಿನ ಮಗ್ಗ ನಿಲ್ಲಿಸಿ ಮೈದಾನಕ್ಕೆ ಬಂದು, ಗೋಲಿನ ಪಕ್ಕದ ಕಲ್ಲಿನ ಮೇಲೆ ಕುಳಿತಳು.

"ಹೊಡಿ," ಎಂದಳು. "ನಿನ್ನ ಮುಖ ನನಗ ಕಾಣಂಗ ಹೊಡಿ."

ಮಧುಮತಿ ಈಗಲೂ ಆಡುತ್ತಾಳೆ, ಬೇರೆ ಸ್ಟಿಕ್ಕಿನಲ್ಲಿ. ನನ್ನ ಪಾದ ಸವೆದಿದೆ; ಮಗ್ಗದ ಮೇಲಿನ ಮೊಳೆಗೆ ನೇತು ಬಿದ್ದಿದ್ದೇನೆ. ಗಮ್ಮು ಇದ್ದ ಕಡೆಯೆಲ್ಲ ನೂಲಿನ ಧೂಳು ಅಂಟಿದೆ. ಆ ಜಾಹೀರಾತಿಗೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತಂತೆ. ಎಂದಾದರೂ ಅದು ನಿಮ್ಮ ಕಣ್ಣಿಗೆ ಬಿದ್ದರೆ ಪಕ್ಕದವರಿಗೆ ಹೇಳಿ: ಆ ಏಟು ಒಂದು ಹಳೆಯ ಸ್ಟಿಕ್ಕಿನದು, ಆ ಕೈ ಮಧುಮತಿಯದು.