ಎಡಮಗ್ಗುಲ ಹುಲಿ, ಬಲಮಗ್ಗುಲ ಹುಲಿ

ಅರಣ್ಯ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಹುಲಿಗಳ ಫೋಟೊ ನೋಡುವವಳನ್ನು ಎಲ್ಲರೂ ಪಟ್ಟೆ ಅಕ್ಕ ಎಂದೇ ಕರೆಯುತ್ತಿದ್ದರು. ಕಾಡಿನ ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ತೆಗೆದ ಚಿತ್ರಗಳಲ್ಲಿ ಪಟ್ಟೆ ಹೋಲಿಸಿ, ಯಾವುದು ಯಾವ ಹುಲಿ ಎಂದು ಹೇಳುವುದು ಅವಳ ಕೆಲಸ. ಅವಳು ಕೆಲಸಕ್ಕೆ ಸೇರಿದ ವರ್ಷ ಹದಿನಾಲ್ಕು ಹುಲಿಗಳಿದ್ದವು. ಹೋದ ವರ್ಷ ಒಂಬತ್ತು, ಈ ಸಲ ಆರು.

ಕಚೇರಿಯ ಸಾಹೇಬರಿಗೆ ಆರು ಹಿಡಿಸಲಿಲ್ಲ. ಮುಂದಿನ ವಾರ ಮಂತ್ರಿಗಳು ಬರುವವರಿದ್ದರು; ಶಾಮಿಯಾನ, ಹೂಗುಚ್ಛ ಎಲ್ಲ ಗೊತ್ತುಮಾಡಿಯಾಗಿತ್ತು, ಹುಲಿಗಳಷ್ಟೇ ಕಡಿಮೆ ಬಿದ್ದಿದ್ದವು. ಫೋಟೊಗಳನ್ನು ಬಹಳ ಹೊತ್ತು ತಿರುವಿಹಾಕಿ ಸಾಹೇಬರು ಒಂದು ಸಂಶೋಧನೆ ಮಾಡಿದರು.

"ನೋಡಮ್ಮ, ಎಡಗಡೆ ಪಟ್ಟೆಗೂ ಬಲಗಡೆ ಪಟ್ಟೆಗೂ ಹೋಲಿಕೇನೇ ಇಲ್ವಲ್ಲ. ಎರಡೂ ಒಂದೇ ಹುಲಿ ಅಂತ ಹೇಗೆ ಹೇಳ್ತೀಯಾ?"

"ಎರಡೂ ಕಡೆಯಿಂದ ಒಂದೇ ಕ್ಷಣಕ್ಕೆ ತೆಗೆದ ಫೋಟೊ ಸರ್. ಮಧ್ಯೆ ಇರೋದು ಒಂದೇ ಹುಲಿ."

ಮಧ್ಯೆ ಏನಿದೆ ಎಂಬುದು ಸಾಹೇಬರಿಗೆ ಮುಖ್ಯವಾಗಿರಲಿಲ್ಲ. ಒಂದು ಹನಿ ಹಾಲು ಕುಡಿಸದೆ, ಬೇಟೆ ಕಲಿಸದೆ, ಒಂದೇ ಮಧ್ಯಾಹ್ನದಲ್ಲಿ ಆ ಪುಣ್ಯಾತ್ಮರು ಆರು ಹುಲಿಗಳನ್ನು ಹೆತ್ತರು. ಒಟ್ಟು ಹನ್ನೆರಡಾಯಿತು.

ಅವಳಿಗೆ ಒಂದು ಚಿತ್ರದಲ್ಲಿ ಬೇರೆಯದೇ ಕಂಡಿತ್ತು. ಹೆಣ್ಣುಹುಲಿಯೊಂದರ ಕತ್ತಿನಲ್ಲಿ ತಂತಿಯ ಉರುಳು. ಜಿಂಕೆಗೋ ಹಂದಿಗೋ ಯಾರೋ ಒಡ್ಡಿದ್ದು. ಎಳೆದಷ್ಟೂ ಬಿಗಿಯುವಂಥದು. ಕೂಡಲೇ ಜನ ಕಳಿಸಿ ಎಂದು ಬೇಡಿದಳು. ಜನರೆಲ್ಲ ಶಾಮಿಯಾನದ ಕೆಲಸದಲ್ಲಿದ್ದಾರೆ, ಕಾರ್ಯಕ್ರಮ ಮುಗಿಯಲಿ ಎಂದರು ಸಾಹೇಬರು. ಅಲ್ಲಿಯ ತನಕ ಹುಲಿ ಉಸಿರು ಬಿಗಿಹಿಡಿದು ಸಹಕರಿಸಬೇಕಿತ್ತು.

ಅವಳು ರಜಾ ಚೀಟಿ ಬರೆದಿಟ್ಟು, ಕಾಡಿನ ಕಾವಲುಗಾರನಾಗಿದ್ದ ಚಿಕ್ಕಪ್ಪನನ್ನೂ ಇಲಾಖೆಯ ಪಶುವೈದ್ಯೆಯನ್ನೂ ಕರೆದುಕೊಂಡು ಕಾಡಿಗೆ ಹೊರಟಳು. ಮೂರನೆಯ ದಿನ ಹಳ್ಳದ ಪಕ್ಕ ಹುಲಿ ಸಿಕ್ಕಿತು. ಜೀವವಿತ್ತು. ವೈದ್ಯೆ ದೂರದಿಂದ ಮತ್ತಿನ ಸೂಜಿ ಹೊಡೆದರು, ಚಿಕ್ಕಪ್ಪ ತಂತಿ ಕತ್ತರಿಸಿದ. ಕತ್ತಿನ ಗಾಯ ಕೊಳೆತು ನಾರುತ್ತಿತ್ತು. ಇಷ್ಟು ವರ್ಷ ಪರದೆಯ ಮೇಲಷ್ಟೇ ನೋಡಿದ್ದ ಪಟ್ಟೆಗಳ ಮೇಲೆ ಅವಳು ಮೊದಲ ಸಲ ಕೈಯಿಟ್ಟಳು. ಬೆಚ್ಚಗಿತ್ತು. ವೈದ್ಯೆ ಗಾಯ ತೊಳೆದು ಮದ್ದು ಹಚ್ಚಿದರು; ಮತ್ತಿಳಿದ ಮೇಲೆ ಹುಲಿ ಎದ್ದು ಹಳ್ಳ ದಾಟಿ ಹೋಯಿತು.

ತಂತಿ ಇಲಾಖೆಯ ಬೇಲಿಯದೇ; ಆ ಬೇಲಿ ಬಿದ್ದು ಎರಡು ವರ್ಷವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಎಲ್ಲರೂ ಕೇಳಿದ್ದರು. ಬೇಲಿ ಎದ್ದು ಹುಲಿಯ ಕತ್ತು ಹಿಡಿದದ್ದನ್ನು ಅಂದು ಕಂಡರು.

ಅವರು ಮರಳುವಷ್ಟರಲ್ಲಿ ಶಾಮಿಯಾನದಲ್ಲಿ ಹನ್ನೆರಡು ಹುಲಿಗಳಿಗೆ ಚಪ್ಪಾಳೆ ಬಿದ್ದಾಗಿತ್ತು. ತಿಂಗಳೊಳಗೆ ಮೇಲಿನಿಂದ ಆದೇಶ ಬಂತು: ಹುಲಿಗಳು ಹೆಚ್ಚಿರುವುದರಿಂದ ಅಪಾಯ ತಗ್ಗಿದೆ, ಕಾವಲುಗಾರರಲ್ಲಿ ಅರ್ಧದಷ್ಟು ಜನರನ್ನು ಕೈಬಿಡಲಾಗಿದೆ. ಚಿಕ್ಕಪ್ಪನ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಪಟ್ಟೆ ಅಕ್ಕ ಚಿತ್ರಗಳ ಸಮೇತ ನಿಜವಾದ ಲೆಕ್ಕವನ್ನು ಮುಖ್ಯ ಕಚೇರಿಗೆ ಬರೆದಳು. ಅದಕ್ಕೆ ಉತ್ತರ ಬಹಳ ಬೇಗ ಬಂತು. ಅವಳನ್ನು ಸಸಿ ಎಣಿಸಲು ನರ್ಸರಿಗೆ ವರ್ಗ ಮಾಡಿದ್ದರು. ಸಾಹೇಬರಿಗೆ ಬಡ್ತಿಯಾಯಿತು.

ಈಗ ಪ್ರತಿ ಭಾನುವಾರ ಚಿಕ್ಕಪ್ಪ ಮತ್ತು ಪಟ್ಟೆ ಅಕ್ಕ ಕಾಡಂಚಿನಲ್ಲಿ ಉರುಳು ಕೀಳುತ್ತ ಅಲೆಯುತ್ತಾರೆ. ಮೊದಲ ದಿನವೇ ಹತ್ತೊಂಬತ್ತು ಸಿಕ್ಕವು. ಚಿಕ್ಕಪ್ಪ ಚೀಲ ಹೆಗಲಿಗೇರಿಸಿಕೊಂಡು, "ಕೆಲಸ ಹೋದ ಮೇಲೇ ನೋಡು, ನಾನು ನೆಟ್ಟಗೆ ಕೆಲಸ ಮಾಡ್ತಿರೋದು" ಎಂದ.