ಗಾಜಿನ ಮೇಲಿನ ಹೂರಣ

ಕಿಟಕಿಯ ಗಾಜಿನ ಮೇಲೆ ಯಾರದೋ ಹೆಬ್ಬೆರಳ ಗುರುತು, ಎಣ್ಣೆಗೈಯದೋ ಏನೋ, ಬಿಸಿಲು ಬಿದ್ದಾಗ ಗೆರೆಗೆರೆಯಾಗಿ ಎದ್ದು ಕಾಣುತ್ತದೆ, ಬಸ್ಸು ತಿರುಗಿದರೆ ಮಾಯ, ಮತ್ತೆ ಕಾಣುತ್ತದೆ, ಅರ್ಚನಾ ಸೆರಗಿನ ತುದಿಯಿಂದ ಒರೆಸಿದಳು, ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು, ಹಾಳಾಗಿ ಹೋಗಲಿ, ಬಸ್ಸೇನು ಅವಳಪ್ಪನದಾ — ಸೇಲಂ ಎಲ್ಲಾಂ ಉಳ್ಳೆ ಪೋ, ಉಳ್ಳೆ ಪೋ ಎಂದು ಕಂಡಕ್ಟರ್ ಕುರಿ ಅಟ್ಟಿದಂತೆ ಜನರನ್ನು ಒಳಕ್ಕೆ ಅಟ್ಟುತ್ತಿದ್ದಾನೆ, ಆಡಿ ತಿಂಗಳು, ಮಾರಿಗುಡಿಗೆ ಹೋಗುವ ಹೆಂಗಸರೆಲ್ಲ ಬೇವಿನ ಸೊಪ್ಪು ಹಿಡಿದು ಹತ್ತಿದ್ದಾರೆ, ಪಾಲಕೋಡಿನಿಂದ ಧರ್ಮಪುರಿಗೆ ಬಂದು ಬಸ್ಸು ಬದಲಿಸಿದ ಮೇಲೆ ಕಿಟಕಿ ಸೀಟು ಸಿಕ್ಕಿದ್ದೇ ಪುಣ್ಯ, ಮಡಿಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಇಳಂಗೋ ಪ್ರಿಂಟ್ ತೆಗೆದುಕೊಟ್ಟ ಕಾಗದ, ಕರ್ಪೂರದ ಡಬ್ಬಿ, ಬೆಂಕಿಪೊಟ್ಟಣ. ಓರಗಿತ್ತಿ ಕಮಲಿನಿಯ ಮನೆಯಲ್ಲಿ ಬೆಂಕಿಪೊಟ್ಟಣ ಇರುವುದಿಲ್ಲ, ಅವರದು ಟಕ್ ಟಕ್ ಅನ್ನುವ ಲೈಟರು, ದೇವರಾಣೆಯ ಕರ್ಪೂರಕ್ಕೆ ಅದು ಆಗುವುದಿಲ್ಲ, ಎಲ್ಲ ಯೋಚಿಸಿಯೇ ಹೊರಟಿದ್ದಾಳೆ. ಇವತ್ತು ನಲವತ್ತಾರನೇ ದಿನ. ಇನ್ನೆರಡು ದಿನ ಕಳೆದರೆ ಆಣೆಯ ಮಂಡಲ ಮುಗಿಯುತ್ತದೆ, ಸುಳ್ಳಾಣೆ ಇಟ್ಟವರಿಗೆ ಕೇಡು ತಟ್ಟುವ ನಲವತ್ತೆಂಟು ದಿನ, ಮುಗಿದ ಮೇಲೆ ಹೋಗು ಅಂದ ಗಂಡ ಮಾದೇಶ, ಎಲ್ಲದಕ್ಕೂ ಆಮೇಲೆ ಆಮೇಲೆ ಅನ್ನುವ ಗಂಡಸು, ಅವನ ಅಂಗೈ ಸುಟ್ಟಿದ್ದರೆ ಗೊತ್ತಾಗುತ್ತಿತ್ತು.

ಅವತ್ತು ಮೂರು ಬಿಲ್ಲೆ ಕರ್ಪೂರ. ಒಂದು ಸಾಕಮ್ಮಾ ಅಂದಿದ್ದರು ಪೂಜಾರಿ ಅಣ್ಣಯ್ಯಪ್ಪ, ಕಮಲಿನಿ ಮೂರು ಇಡಿಸಿದಳು, ವೀಳ್ಯದೆಲೆಯ ಮೇಲೆ, ಮುನಿಯಪ್ಪ ದೇವರ ಎದುರಿಗೆ, ಊರಿನ ಹತ್ತು ಜನರ ಮುಂದೆ. ಸೇಲಂನಿಂದ ಕಾರಿನಲ್ಲಿ ಬಂದಿದ್ದಳಲ್ಲ ಓರಗಿತ್ತಿ, ಕಾರಿನಿಂದ ಇಳಿಯುವಾಗಲೇ ಮುಖ ಗಂಟು ಹಾಕಿಕೊಂಡು, ಹಿಂದೆ ಭಾವ ಗೋವಿಂದರಾಜ್, ಕೈಯಲ್ಲಿ ಅವರಮ್ಮನ ಪಾಸ್‌ಬುಕ್ಕು. ತಿಂಗಳಿಗೆ ನಾನೂರ ತೊಂಬತ್ತೊಂಬತ್ತು, ಹದಿನಾಲ್ಕು ತಿಂಗಳು, ಅತ್ತೆ ಮಾರಕ್ಕನ ಖಾತೆಯಿಂದ ಹೇಳದೆ ಕೇಳದೆ ಹೋಗಿದೆ, ಮಾವ ಸಕ್ಕರೆ ಮಿಲ್ಲಿನಲ್ಲಿ ಬೆನ್ನು ಬಗ್ಗಿಸಿ ಸತ್ತ ಮೇಲೆ ಬರುವ ಪೆನ್ಷನ್ ಅದು, ಪಾಸ್‌ಬುಕ್ಕಿನಲ್ಲಿ ಅರ್ಧಂಬರ್ಧ ಇಂಗ್ಲಿಷ್ ಅಕ್ಷರ ಬಿಟ್ಟರೆ ಮತ್ತೇನಿಲ್ಲ. ಮೊಬೈಲು ಅತ್ತೆಯದು, ಅದನ್ನು ನಡೆಸುವ ಕೈ ಅರ್ಚನಾಳದು, ಗ್ಯಾಸಿಗೆ, ಕರೆಂಟಿಗೆ, ರೀಚಾರ್ಜಿಗೆ ಗುಟ್ಟಿನ ನಂಬರು ಒತ್ತುವವಳು ಅವಳೊಬ್ಬಳೇ, ಹಾಗಿದ್ದ ಮೇಲೆ ಕಳ್ಳಿ ಬೇರೆ ಯಾರಾಗಬೇಕು — ಯಾರೂ ಕಳ್ಳಿ ಅನ್ನಲಿಲ್ಲ, ಅಂದಿದ್ದರೆ ಜುಟ್ಟು ಹಿಡಿಯಬಹುದಿತ್ತು, ಕಮಲಿನಿ ಅಂದದ್ದು ನಯವಾಗಿ, ಪೇಟೆಯ ಕನ್ನಡದಲ್ಲಿ, ಸತ್ಯ ಇದ್ದರೆ ಭಯ ಯಾಕೆ ಅರ್ಚನಾ. ಮಾದೇಶ ಕಿವಿಯ ಹತ್ತಿರ ಬಂದು, ಓಗ್ಲಿ ಬುಡು, ಕರ್ಪೂರ ತಾನೆ, ಪಟ್ಟಂತ ಆರ್ಸಿ ಬಂದ್ಬುಡು ಅಂದ. ಪಟ್ಟಂತ ಹೊಡೆದರೆ ಸುಡುವುದಿಲ್ಲ, ಎಲ್ಲರಿಗೂ ಗೊತ್ತು. ಅವಳು ಹೊಡೆಯಲಿಲ್ಲ. ಅತ್ತೆ ದುಡ್ಡಿನ ಮೇಲೆ ನನ್ನ ಬೆರಳು ಬಿದ್ದಿಲ್ಲ, ಬಿದ್ದಿದ್ರೆ ನನ್ ಒಟ್ಟೇಲಿ ಉಟ್ಟಿದ್ದುಕ್ಕೆ ಆಗ್ಲಿ ಅಂತ ಹೇಳಿ, ಬಲ ಅಂಗೈಯನ್ನು ಉರಿಯ ಮೇಲಿಟ್ಟು ಒತ್ತಿ ಹಿಡಿದಳು, ಕಮಲಿನಿಯ ಕಣ್ಣನ್ನೇ ನೋಡುತ್ತಾ, ಕಮಲಿನಿ ಮುಖ ತಿರುಗಿಸುವವರೆಗೂ. ಈಗಲೂ ಅಲ್ಲಿ ಹಳೇ ಎಂಟಾಣೆಯಗಲ ಚರ್ಮ ನುಣ್ಣಗೆ ಇದೆ, ಬಸ್ಸಿನ ಕಂಬಿ ಹಿಡಿದರೆ ಚುರ್ ಅನ್ನುತ್ತದೆ.

ಒಟ್ಟೇಲಿ ಉಟ್ಟಿದ್ದುಕ್ಕೆ — ಯಾಕೆ ಅಂದಳೋ ಆ ಮಾತು, ಬಾಯಿಗೆ ಬಂದದ್ದು ಅಂದುಬಿಟ್ಟಳು, ಎಲ್ಲರೂ ಹಾಗೇ ಅನ್ನುತ್ತಾರೆ, ಕೈ ಶುದ್ಧವಿದ್ದವಳಿಗೆ ಎಂಥ ಭಯ ಅನ್ನುವ ಸೊಕ್ಕು. ಅಧಿಯಮಾನ್‌ಕೋಟೆ ದಾಟಿತು, ಯಾರೋ ಇಳಿದರು, ಬೇವಿನ ಸೊಪ್ಪು ಮುಖಕ್ಕೆ ಸವರಿತು. ಆಣೆಯ ಮೂವತ್ತೊಂದನೇ ದಿನ ಮಗಳು ಪ್ರಣತಿ ಸ್ಕೂಲ್ ವ್ಯಾನಿನ ಮೆಟ್ಟಿಲಿಂದ ಜಾರಿ ಬಿದ್ದಳು, ಬಲಗೈ, ಮೊಣಕೈ ಕೆಳಗೆ ಮುರಿಯಿತು, ಬಲಗೈಯೇ ಆಗಬೇಕಿತ್ತಾ, ಎಡಗೈ ಇರಲಿಲ್ಲವಾ ಮಗುವಿಗೆ. ಹಿಟ್ಟಿನ ಮಿಷನ್ನಿನ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು ಅವಳನ್ನು ಕಂಡು, ನಿಲ್ಲಿಸುವ ಮೊದಲು ಆಡಿದ್ದು ಕೇಳಿಸಿತ್ತು, ಕರ್ಪೂರ ಮಾತಾಡ್ಬುಡ್ತು ಕಣಮ್ಮಿ, ಅಂತ. ಅವತ್ತಿನಿಂದ ಅತ್ತೆ ಬೇರೆ ಒಲೆ, ಬೇರೆ ಪಾತ್ರೆ, ಹಿಡಿ ಅಕ್ಕಿ ತಾನೇ ಬೇಯಿಸಿಕೊಳ್ಳುತ್ತಾಳೆ, ಹನ್ನೆರಡು ವರ್ಷ ಈ ಕೈಯ ಮುದ್ದೆ ನುಂಗಿದ ಬಾಯಿ, ಈಗ ಈ ಕೈಯ ನೀರೂ ಬೇಡ. ಅದನ್ನೂ ತಡೆದುಕೊಂಡಾಳು. ರಾತ್ರಿ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಆ ಒಂಬತ್ತು ವರ್ಷದ್ದು, ಮನೆಯಲ್ಲಿ ಎಷ್ಟು ಕನ್ನಡ ಆಡಿದರೂ ತಮಿಳಿನಲ್ಲೇ ಉತ್ತರ ಕೊಡುವುದು, ಮೆಲ್ಲಗೆ ಕೇಳಿತಲ್ಲ, ಅಮ್ಮಾ, ನೀ ನೆಜಮಾವೇ ಎಡುತ್ತಿಯಾ, ನಿಜವಾಗಿಯೂ ತೆಗೆದುಕೊಂಡೆಯಾ. ಇಲ್ಲ ಕಣವ್ವ. ಇಲ್ಲ ಅಂದ ಆ ಗಳಿಗೆಯಲ್ಲಿ ಅವಳಿಗೇ ತನ್ನ ಮೇಲೆ ಒಂದು ಸಾಸಿವೆಯಷ್ಟು ಅನುಮಾನ ಬಂದಿತ್ತು, ಬೇರೆ ಯಾವುದಕ್ಕೂ ಅಲ್ಲ, ಆ ಒಂದು ಸಾಸಿವೆಗೆ ಕಮಲಿನಿ ಬೆಲೆ ಕೊಡಬೇಕು. ಆ ಸಾಸಿವೆ ಬಿತ್ತಿದವಳು ಅವಳು.

ಇಳಂಗೋಗೆ ಒಳ್ಳೆಯದಾಗಲಿ, ಇ-ಸೇವೆ ಅಂಗಡಿಯ ಹುಡುಗ, ಮಗಳ ಆಸ್ಪತ್ರೆ ಕಾರ್ಡಿಗೆ ಅಂತ ಹೋದವಳ ಕೈಯಿಂದ ಅತ್ತೆಯ ಮೊಬೈಲು ಈಸಿಕೊಂಡು, ಅಕ್ಕಾ, ಇದು ಯಾರೂ ಕದ್ದಿಲ್ಲ, ಇದು ಆಟೋ ಪೇ, ನೀವೇ ಸೇರ್ಕೊಂಡಿರೋ ಮೆಂಬರ್‌ಶಿಪ್ಪು ಅಂದ. ಬೆರಳಿನಿಂದ ಮೇಲಕ್ಕೆ ತಳ್ಳಿದ, ತಿಂಗಳು ತಿಂಗಳು ತಳ್ಳಿದ, ಹದಿನಾಲ್ಕು ಸಲ ನಾನೂರ ತೊಂಬತ್ತೊಂಬತ್ತು, ಆಣೆಯಾದ ಮೇಲೂ ಒಂದು ಸಲ, ಎಲ್ಲಕ್ಕಿಂತ ಮೊದಲು, ಒಂದೇ ಒಂದು ರೂಪಾಯಿ. ಹೋದ ವರ್ಷದ ಉಗಾದಿ ಹಬ್ಬದ ದಿನ. ಮೊಣಕಾಲಿನ ಬೆಲ್ಟು ಒಂದು ರೂಪಾಯಿಗೆ, ಅಂಗಡಿಯ ಹೆಸರಿಲ್ಲ ಊರಿಲ್ಲ, ಅದರ ಕೆಳಗೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ, ಬೇಡವೆನ್ನುವವರೆಗೆ ಪ್ರತಿ ತಿಂಗಳೂ, ಅಂತ. ಬೇಡ ಅನ್ನುವ ಗುಂಡಿ ಹುಡುಕಲು ಅವನಿಗೇ ಅರ್ಧ ಗಂಟೆ ಹಿಡಿಯಿತು, ಒತ್ತಿದರೆ ಅಳುವ ಗೊಂಬೆಯೊಂದು ಬಂದು ನಮ್ಮನ್ನು ಬಿಟ್ಟು ಹೋಗುತ್ತೀರಾ ಎಂದು ಕೇಳಿತು, ಹಲ್ಕಾ ನನ್ನ ಮಕ್ಕಳು, ಅಳುವ ಗೊಂಬೆ ಇಡುತ್ತಾರೆ. ಫೋನ್ ಮಾಡಿದರೆ ನಿಮ್ಮ ಕರೆ ನಮಗೆ ಮುಖ್ಯ ಅನ್ನುವ ಹೆಂಗಸಿನ ದನಿ, ಆಮೇಲೆ ಪೀಪಿ, ಮೂರು ದಿನ ಪೀಪಿ ಕೇಳಿದಳು. ಅವರ ಮನೆಯ ಮುಂದೆ ನಿಂತು ಎರಡು ಕೈಯಲ್ಲೂ ಮಣ್ಣು ಬಾಚಿ ತೂರಿ ಶಾಪ ಹಾಕುತ್ತಿದ್ದಳು, ಅವ್ವನ ಕಾಲದವರು ಹಾಕುತ್ತಿದ್ದಂತೆ, ಆದರೆ ಅವರಿಗೆ ಬಾಗಿಲೇ ಇಲ್ಲವಲ್ಲ, ಬಾಗಿಲಿಲ್ಲದವರ ಮೇಲೆ ಎಲ್ಲಿ ನಿಂತು ಮಣ್ಣು ತೂರುವುದು. ಕಮಲಿನಿಗೆ ಬಾಗಿಲಿದೆ. ಅಳಗಾಪುರದಲ್ಲಿ, ಎರಡನೇ ಅಡ್ಡರಸ್ತೆ, ತಿಳಿ ನೀಲಿ ಗೇಟು. ಕಮಲಿನಿಗೆ ಅಂಗೈ ಇದೆ, ಮಗನೂ ಇದ್ದಾನೆ.

ಬೆಲ್ಟು ತರಿಸಿದ್ದು ಕಮಲಿನಿಯೇ, ಅದಕ್ಕೆ ಸಾಕ್ಷಿ ಬೇಕಾಗಿಲ್ಲ, ಅತ್ತೆ ಅದನ್ನು ಕಟ್ಟಿಕೊಂಡು ಬೀದಿಯೆಲ್ಲ ಕುಂಟುತ್ತಾ, ನಮ್ ದೊಡ್ಸೊಸೆ ತರ್ಸಿಕೊಟ್ಲು ಅಂತ ಡಂಗುರ ಹೊಡೆದದ್ದು ಊರಿಗೇ ಗೊತ್ತು. ಅತ್ತೆಯದೇ ಫೋನು, ಅತ್ತೆಯದೇ ಖಾತೆ, ಹೆಸರು ಮಾತ್ರ ದೊಡ್ಡ ಸೊಸೆಯದು. ಒಂದು ರೂಪಾಯಿ ತಾನೇ ಅತ್ತೆ, ಶುಭ ಲೆಕ್ಕ ಅಂದಿದ್ದಳಲ್ಲ ಜಗಲಿಯ ಮೇಲೆ ಕೂತು, ನಕ್ಕಿದ್ದರಲ್ಲ ಎಲ್ಲರೂ, ಮದುವೆಮನೆಯಲ್ಲಿ ಮೊಯಿಗೆ ನೂರು ಬರೆಸಿದರೂ ಮೇಲೊಂದು ರೂಪಾಯಿ ಇಡುವ ಜನ, ಒಂದು ರೂಪಾಯಿ ಕಂಡರೆ ಕೈ ಮುಗಿಯುತ್ತಾರೆ, ಅನುಮಾನ ಪಡುತ್ತಾರಾ. ಅರ್ಚನಾ ಆಗ ಅಡುಗೆಮನೆಯಲ್ಲಿ, ಬೆನ್ನು ಮುರಿಯುವಂತೆ ಒಬ್ಬಟ್ಟು ತಟ್ಟುತ್ತಾ, ಫೋನಿನ ತಂಟೆಗೇ ಹೋಗಿಲ್ಲ ಅವತ್ತು. ಬೇಕಾದರೆ ಇನ್ನೊಂದು ಗುರುತು ಹೇಳುತ್ತಾಳೆ, ಮಧ್ಯಾಹ್ನ ಅತ್ತೆ ಫೋನನ್ನು ಸೆರಗಿನಿಂದ ಉಜ್ಜುತ್ತಾ, ಯಾರ್ಲೇ ಇದು, ಗಾಜ್ಗೆ ಊರ್ಣ ಮೆತ್ತಿರದು ಅಂತ ಬೈದಳಲ್ಲ, ಹೆಬ್ಬೆರಳಗಲ, ಹಳದಿ, ಗಾಜಿನ ಮೇಲೆ, ಕಮಲಿನಿ ಒಬ್ಬಟ್ಟು ಮುಕ್ಕುತ್ತಾ ಫೋನು ತೀಡಿದ ಗುರುತೇ ಅದು. ಹೀಗೆ ಹೇಳಬೇಕು. ಮೊದಲು ಕಾಗದ ಮೇಜಿನ ಮೇಲಿಡಬೇಕು, ಭಾವನ ಕಡೆಗೆ, ಓದಿ ಅನ್ನಬೇಕು, ಆಫೀಸಿನಲ್ಲಿ ಕೂತು ಕಡತ ಓದುವವರಲ್ಲವಾ. ಆಮೇಲೆ ಎಲೆ, ಎಲೆಯ ಮೇಲೆ ಕರ್ಪೂರ, ಮೂರಲ್ಲ, ಐದು ಇಡುತ್ತಾಳೆ. ಕಮಲಿನಿ ಅಳಬಹುದು, ನನಗೆ ಗೊತ್ತಾಗಲಿಲ್ಲ ಅರ್ಚನಾ ಅನ್ನಬಹುದು. ಆಗ ಅವಳದೇ ಮಾತು ಅವಳಿಗೇ, ಅದೇ ನಯದಲ್ಲಿ, ಸತ್ಯ ಇದ್ದರೆ ಭಯ ಯಾಕೆ ಅಕ್ಕಾ. ಮಗ ಸಮೀರನ ಹೆಸರು ಹಿಡಿದು ಆರಿಸಲಿ. ನಲವತ್ತೆಂಟು ದಿನ ಆ ಹುಡುಗ ಸೈಕಲ್ ಹತ್ತಿದರೆ ಅವಳ ಎದೆ ಡವಗುಟ್ಟಲಿ, ಕೆಮ್ಮಿದರೆ ಡವಗುಟ್ಟಲಿ, ಸ್ಕೂಲಿನಿಂದ ಐದು ನಿಮಿಷ ತಡವಾದರೆ ಬೀದಿಗೆ ಓಡಿ ಬರಲಿ ಚಪ್ಪಲಿಯಿಲ್ಲದೆ. ಅವನಿಗೆ ಏನೂ ಆಗುವುದು ಬೇಡ, ಅಯ್ಯೋ ಬೇಡ, ಮಗು. ಅವಳಿಗೆ ನಿದ್ದೆ ಬರದಿದ್ದರೆ ಸಾಕು. ಮಾಡಿದ್ದುಣ್ಣೋ ಮಹರಾಯ.

ತೊಪ್ಪೂರು ಘಾಟಿನಲ್ಲಿ ಬಸ್ಸು ನಿಂತಿದೆ, ಮುಂದೆ ಯಾವುದೋ ಲಾರಿ ಕೆಟ್ಟು ನಿಂತು ವಾಹನಗಳೆಲ್ಲ ಹೊಗೆ ಬಿಡುತ್ತಾ ಸಾಲಾಗಿವೆ, ಪಕ್ಕದ ಅಜ್ಜಿ ಬಾಳೆಲೆ ಪೊಟ್ಟಣ ಬಿಚ್ಚಿದಳು, ಬೆಲ್ಲ, ಏಲಕ್ಕಿ, ಬೆಂದ ಬೇಳೆ, ಒಂದ್ ಎಡುತ್ತುಕೋ ಕಣ್ಣು, ಒಂದು ತಗೋ ಮಗಳೇ, ಎಂದು ಅರ್ಧ ಒಬ್ಬಟ್ಟು ನೀಡಿದಳು, ಬೇಡ ಪಾಟಿ ಅಂದರೂ ಬಿಡದೆ, ಶುಗರ್ ಇರುಕ್ಕಾ, ಈ ವಯಸ್ಸಿಗೇ ಶುಗರಾ ನಿನಗೆ. ಶುಗರ್ ನನಗಲ್ಲ, ನಮ್ಮ ಓರಗಿತ್ತಿಗೆ, ಅಂದಳು ಅರ್ಚನಾ ಸುಮ್ಮನೆ, ಮಾತಿಗೆ, ಒಬ್ಬಟ್ಟು ಬಾಯಿಗಿಟ್ಟಳು, ಓರಗಿತ್ತಿ ಸಿಹಿ ಮುಟ್ಟುವುದಿಲ್ಲ ಪಾಟಿ, ಹಬ್ಬದಲ್ಲೂ — ಮುಟ್ಟುವುದಿಲ್ಲ. ಹೋದ ವರ್ಷ ಉಗಾದಿಗೂ ಮುಟ್ಟಲಿಲ್ಲ. ಬೇವು ಬೆಲ್ಲದಲ್ಲಿ ಬೇವನ್ನಷ್ಟೇ ಆರಿಸಿಕೊಂಡಳು ಅಂತ ಭಾವ ಗೇಲಿ ಮಾಡಿದ್ದರಲ್ಲ, ಎಲೆಯ ತುದಿಗೆ ಬಡಿಸಿದ ಒಬ್ಬಟ್ಟನ್ನು ಸಮೀರನ ಎಲೆಗೆ ದಾಟಿಸಿದಳಲ್ಲ. ಹಾಗಾದರೆ ಆ ಹೂರಣ. ಸಮೀರನದಿರಬೇಕು, ಮಕ್ಕಳ ಕೈ — ಊಟಕ್ಕೆ ಮೊದಲೇ ಇತ್ತಲ್ಲ ಅದು, ಅತ್ತೆ ಬೈದಾಗ ಎಲೆ ಹಾಕಿರಲಿಲ್ಲ, ಹೂರಣ ಇನ್ನೂ ಅಡುಗೆಮನೆ ದಾಟಿರಲಿಲ್ಲ. ಅಡುಗೆಮನೆಯಲ್ಲಿ ಹೂರಣದ ಕೈ ಯಾರದು. ಬೇಡ, ಬೇಡ, ಲಾರಿ ಯಾಕೆ ಜರುಗುತ್ತಿಲ್ಲ, ಡ್ರೈವರ್ ಹಾರನ್ನಾದರೂ ಹೊಡೆಯಬಾರದಾ, ಅವತ್ತು ಒಲೆಯ ಮುಂದೆ, ಬೆನ್ನ ಹಿಂದೆ ಗಾಜಿನ ಬಳೆಯ ಸದ್ದು, ಕಮಲಿನಿಯ ದನಿ, ಅರ್ಚನಾ, ಆ ನಂಬರ್ ಸ್ವಲ್ಪ ಒತ್ತಿಬಿಡು, ಅತ್ತೆಗೆ ನೆನಪಿಲ್ಲವಂತೆ. ಹೆಂಚಿನ ಮೇಲೆ ಒಬ್ಬಟ್ಟು ಸೀಯುತ್ತಿತ್ತು. ಮುಖ ಪೂರ್ತಿ ತಿರುಗಿಸಲಿಲ್ಲ, ಕಣ್ಣಂಚಿನಲ್ಲೇ ನೋಡುತ್ತಾ, ಒಂದು ಕೈಯಲ್ಲಿ ಮಗುಚುವ ಕೈ, ಇನ್ನೊಂದರ ಹೆಬ್ಬೆರಳು ಚಾಚಿ, ನಾಲ್ಕು ಸಲ, ಯಾವಾಗಲೂ ಒತ್ತುವಂತೆ, ಗ್ಯಾಸಿಗೆ ಒತ್ತುವಂತೆ, ಕೆಳಗೇನೋ ಬರೆದಿತ್ತು, ಓದಲಿಲ್ಲ, ಆಯ್ತಾ ಅಂದಳು, ಆಯ್ತು ಅಂದಳು ಕಮಲಿನಿ.

ಲಾರಿ ಜರುಗಿತು, ಬಸ್ಸು ಇಳಿಯಿತು, ಸೇಲಂ ಬಂದೇ ಬಂತು. ಆಟೋದವನು ಕೇಳಿದ್ದಕ್ಕೆ ಎದುರಾಡದೆ ಕೊಟ್ಟಳು. ಬೆರಳು ಬಿದ್ದಿಲ್ಲ ಅಂದಿದ್ದಳು ಮುನಿಯಪ್ಪನ ಎದುರಿಗೆ, ಬಿದ್ದಿದ್ರೆ ನನ್ ಒಟ್ಟೇಲಿ — ಇಲ್ಲ, ಮಗು ಜಾರಿದ್ದು ಮಳೆಗೆ, ವ್ಯಾನಿನ ಮೆಟ್ಟಿಲು ತೇವವಿತ್ತು, ಅದರ ಹಿಂದಿನ ವಾರ ಇನ್ನೊಂದು ಮಗುವೂ ಜಾರಿತ್ತಂತೆ, ಅದರವ್ವ ಯಾವ ಕರ್ಪೂರ ಆರಿಸಿದ್ದಳು. ದುಡ್ಡು ನುಂಗಿದ್ದು ಆ ಮುಖವಿಲ್ಲದವರು, ಬೆರಳು ಒತ್ತಿದ್ದಕ್ಕೆ ಕಳ್ಳಿಯಾಗುತ್ತಾರಾ. ಆಗುವುದಿಲ್ಲ ತಾನೇ. ಹಾಗಾದರೆ ಕಮಲಿನಿಯೂ ಆಗುವುದಿಲ್ಲ. ಆಗಬೇಕು, ಅವಳು ಆಗಲೇಬೇಕು, ಮೂರು ಬಿಲ್ಲೆ ಇಡಿಸಿದವಳು, ಹಿಟ್ಟಿನ ಮಿಷನ್ನಿನ ಹತ್ತಿರ ತಲೆ ತಗ್ಗಿಸಿ ನಡೆಸಿದವಳು. ಅವಳಿಗೆ ನೆನಪಿರಲಾರದು. ನೆನಪಿದ್ದಿದ್ದರೆ ಅವತ್ತು ಮುನಿಯಪ್ಪನ ಮುಂದೆಯೇ ಎತ್ತಿ ಆಡುತ್ತಿದ್ದಳು. ಅಡುಗೆಮನೆಯಲ್ಲಿ ಮತ್ತಾರೂ ಇರಲಿಲ್ಲ, ಗಾಜನ್ನು ಅತ್ತೆ ಅವತ್ತೇ ಒರೆಸಿ ಆಯಿತು, ಕಾಗದದಲ್ಲಿ ಬೆರಳಿನ ಹೆಸರು ಬರೆದಿರುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಐದು ಬಿಲ್ಲೆ, ಅವಳ ಅಂಗೈ, ಪೂರಾ ನಲವತ್ತೆಂಟು ದಿನ. ನೀಲಿ ಗೇಟು ತೆರೆದೇ ಇದೆ. ಮೆಟ್ಟಿಲ ಮೇಲೆ ಸಮೀರನ ಸ್ಕೂಲ್ ಶೂ, ಒಂದು ನೆಟ್ಟಗೆ, ಒಂದು ಮಗುಚಿ, ಒಳಗೆ ಟಿವಿಯ ಸದ್ದು, ಕಮಲಿನಿ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದಾಳೆ. ನಗಲಿ, ಇನ್ನೆಷ್ಟು ಹೊತ್ತು. ಬ್ಯಾಗಿನ ಜಿಪ್ಪು ತೆಗೆದು ಕರ್ಪೂರದ ಡಬ್ಬಿಯನ್ನು ಎಡಗೈಗೆ ತೆಗೆದುಕೊಂಡಳು, ಬಾಗಿಲ ಪಕ್ಕದಲ್ಲಿ ಕಾಲಿಂಗ್ ಬೆಲ್ಲು, ಬಿಳಿ ಗುಂಡಿ, ನುಣ್ಣಗೆ, ಒತ್ತಿದರೆ ಆಯಿತು, ಬಲಗೈ ಎತ್ತಿದಳು, ಹೆಬ್ಬೆರಳು ಚಾಚಿದಳು, ಯಾವಾಗಲೂ ಒತ್ತುವಂತೆ, ಒಬ್ಬಟ್ಟಿನ ಜಿಡ್ಡು ಇನ್ನೂ ಹೋಗಿಲ್ಲ, ಸೆರಗಿಗೆ ಒರೆಸಿಕೊಂಡಳು, ಮತ್ತೆ ಎತ್ತಿದಳು, ಮತ್ತೆ ಒರೆಸಿಕೊಂಡಳು, ಹೋಗುತ್ತಿಲ್ಲ, ಬೆರಳಿಗೂ ಗುಂಡಿಗೂ ಕೂದಲೆಳೆಯಷ್ಟೇ ದೂರ, ಕಣ್ಣಿಗೆ ಕಾಣುವುದು ಗುಂಡಿಯಲ್ಲ, ಅತ್ತೆಯ ಫೋನು, ಅಲ್ಲಿ, ಗಾಜಿನ ಮೇಲೆ, ಹೆಬ್ಬೆರಳಗಲ, ಹಳದಿ